ವೈಫೈ: 2.4 ಮತ್ತು 5 ಗಿಗಾಹರ್ಟ್ಸ್‌ಗೆ ಒಂದೇ ಹೆಸರೋ, ಎರಡು ಹೆಸರೋ?

ಮೂಲೆಕೋಣೆ:
ಹಳೆಯ ರೂಟರ್ ಇದ್ದಾಗ ಫೋನಿನ ಪಟ್ಟಿಯಲ್ಲಿ ನಮ್ಮ ವೈಫೈ ಎರಡು ಹೆಸರಿನಲ್ಲಿ ಕಾಣುತ್ತಿತ್ತು. ಒಂದು 2.4 ಗಿಗಾಹರ್ಟ್ಸ್‌ನದು, ಇನ್ನೊಂದು ಅದೇ ಹೆಸರಿನ ಬಾಲಕ್ಕೆ 5 ಅಂಟಿಸಿದ್ದು. ಹೊಸ ರೂಟರಿನಲ್ಲಿ ಒಂದೇ ಹೆಸರು. ಸೆಟ್ಟಿಂಗ್ಸ್ ತೆರೆದು ನೋಡಿದರೆ ‘ಸ್ಮಾರ್ಟ್ ಕನೆಕ್ಟ್’ ಆನ್ ಆಗಿದೆ. ಅದನ್ನು ಆಫ್ ಮಾಡಿದರೆ ಎರಡು ಹೆಸರು ಬರೆಯಲು ಜಾಗ ತೆರೆದುಕೊಳ್ಳುತ್ತದೆ.

ನಾನು ಕೆಲಸ ಮಾಡುವುದು ರೂಟರಿನಿಂದ ಎರಡು ಗೋಡೆ ಆಚೆಗಿನ ಕೋಣೆಯಲ್ಲಿ. ಲ್ಯಾಪ್‌ಟಾಪ್ ತನಗೆ ಮನಸ್ಸು ಬಂದಂತೆ 2.4ಕ್ಕೂ 5ಕ್ಕೂ ಓಡಾಡುತ್ತದೆ. ವಿಡಿಯೊ ಕರೆಯ ನಡುವೆ ಹಾಗಾದರೆ ಚಿತ್ರ ನಿಂತುಬಿಡುತ್ತದೆ. ಹೊಸದಾಗಿ ತಂದ ಸ್ಮಾರ್ಟ್ ಪ್ಲಗ್ ವೈಫೈ ಸೇರಲು ಒಪ್ಪುತ್ತಲೇ ಇಲ್ಲ. ಪ್ರಿಂಟರ್ ಹಳೆಯದು, ಅದಕ್ಕೆ 2.4 ಬಿಟ್ಟರೆ ಬೇರೆ ಗೊತ್ತಿಲ್ಲ.

ಹೆಸರು ಬೇರೆ ಮಾಡಿದರೆ ಇವೆಲ್ಲ ಸರಿಹೋಗುತ್ತವೆಯೇ? ಬೇರೆ ಮಾಡಿದರೆ ಕಳೆದುಕೊಳ್ಳುವುದೇನಾದರೂ ಇದೆಯೇ? ಫೋನ್ 5ರಲ್ಲಿ, ಪ್ರಿಂಟರ್ 2.4ರಲ್ಲಿ ಇದ್ದರೆ ಒಂದಕ್ಕೊಂದು ಕಾಣುತ್ತವೆಯೇ?

ತಂತಿಪ್ರಿಯ:
ಬೇರೆ ಮಾಡಿ. ಯಾವ ರೂಟರ್ ಕೈಗೆ ಬಂದರೂ ನಾನು ಮೊದಲು ಮಾಡುವ ಕೆಲಸ ಅದೇ. ‘ಸ್ಮಾರ್ಟ್’ ಎಂದು ಬರೆದಿರುವ ಗುಂಡಿಗಳೆಲ್ಲ ನಮ್ಮ ಕೈಯಿಂದ ನಿರ್ಧಾರವನ್ನು ಕಿತ್ತುಕೊಳ್ಳುವುದಕ್ಕೇ ಇರುವುದು. ಲ್ಯಾಪ್‌ಟಾಪ್, ಫೋನ್, ಟಿವಿ 5ಕ್ಕೆ. ಪ್ಲಗ್, ಬಲ್ಬ್, ಪ್ರಿಂಟರ್ 2.4ಕ್ಕೆ. ಯಾವುದು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ, ಜಗಳ ಮುಗಿಯಿತು. ಇನ್ನೂ ಒಳ್ಳೆಯದು ಬೇಕೆಂದರೆ ಮೂಲೆಯ ಕೋಣೆಗೆ ಈಥರ್ನೆಟ್ ತಂತಿ ಎಳೆಯಿರಿ.

ಸಿಗ್ನಲ್‌ಶೋಧ:
ಸ್ವಲ್ಪ ತಡೆಯಿರಿ. ಹೆಸರು ಬೇರೆ ಮಾಡುವುದು ಸುಲಭ, ಆದರೆ ಮೂಲೆಕೋಣೆ ಅವರು ಹೇಳಿದ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ಹೆಸರಿಗೆ ಸಂಬಂಧಪಟ್ಟದ್ದು ಅವುಗಳಲ್ಲಿ ಒಂದೂವರೆ ಮಾತ್ರ.

ಮೊದಲು ಲ್ಯಾಪ್‌ಟಾಪಿನ ಓಡಾಟ. ಯಾವ ಬ್ಯಾಂಡಿಗೆ (ಎಂದರೆ 2.4, 5 ಎಂಬ ತರಂಗಪಟ್ಟಿಗಳಲ್ಲಿ ಯಾವುದಕ್ಕೆ) ಸೇರಬೇಕು, ಯಾವಾಗ ಬಿಡಬೇಕು ಎಂಬುದನ್ನು ತೀರ್ಮಾನಿಸುವುದು ರೂಟರ್ ಅಲ್ಲ, ಸಾಧನ. ವೈಫೈ ಹುಟ್ಟಿದಾಗಿನಿಂದಲೂ ಇದೇ ನಿಯಮ. ಸ್ಮಾರ್ಟ್ ಕನೆಕ್ಟ್, ಬ್ಯಾಂಡ್ ಸ್ಟಿಯರಿಂಗ್ ಎಂದೆಲ್ಲ ಕರೆಯುವ ವ್ಯವಸ್ಥೆ ಮಾಡುವುದು ಓಲೈಕೆಯನ್ನಷ್ಟೇ. ಸಾಧನವು 2.4ರಲ್ಲಿ ‘ಯಾರಾದರೂ ಇದ್ದೀರಾ?’ ಎಂದು ಕೇಳಿದಾಗ ರೂಟರ್ ಸ್ವಲ್ಪ ಹೊತ್ತು ಕಿವುಡಾಗಿ ನಟಿಸುತ್ತದೆ, 5ರಲ್ಲಿ ಕೇಳಿದಾಗ ತಕ್ಷಣ ಉತ್ತರ ಕೊಡುತ್ತದೆ. ಕೆಲವು ರೂಟರುಗಳು ಒಂದೆರಡು ಬಾರಿ ಸಂಪರ್ಕವನ್ನೇ ನಿರಾಕರಿಸುತ್ತವೆ. ಇನ್ನೂ ಮರ್ಯಾದಸ್ಥ ವಿಧಾನ 802.11ವಿ ಎಂಬ ಮಾನದಂಡದ್ದು: ‘ಆ ಕಡೆ ಹೋದರೆ ನಿಮಗೇ ಒಳ್ಳೆಯದು’ ಎಂಬ ಸಂದೇಶ ಕಳಿಸುವುದು. ಸಾಧನ ಅದನ್ನು ಒಪ್ಪಬಹುದು, ಬಿಡಬಹುದು. ರೂಟರ್ 5ಕ್ಕೆ ತಳ್ಳುವುದು, ಅಲ್ಲಿ ಸಿಗ್ನಲ್ ಸಾಲದೆಂದು ಸಾಧನ 2.4ಕ್ಕೆ ಮರಳುವುದು, ರೂಟರ್ ಮತ್ತೆ ತಳ್ಳುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ನಿಮ್ಮ ಕರೆ ನಿಲ್ಲುತ್ತಿರುವುದು ಬಹುಶಃ ಈ ಎಳೆದಾಟದಲ್ಲಿ.

ಹೆಸರು ಬೇರೆ ಮಾಡಿದರೆ ಎಳೆದಾಟ ನಿಲ್ಲುತ್ತದೆ, ನಿಜ. ಆದರೆ ಅದರ ಜೊತೆಗೇ ಒಳ್ಳೆಯ ಓಡಾಟವೂ ನಿಲ್ಲುತ್ತದೆ. ಹೆಸರು ಒಂದೇ ಇದ್ದಾಗ ಸಾಧನ ಎರಡನ್ನೂ ಒಂದೇ ನೆಟ್‌ವರ್ಕಿನ ಎರಡು ಬಾಗಿಲು ಎಂದು ತಿಳಿದು ಅಳೆದು ನೋಡುತ್ತಿರುತ್ತದೆ. ಆಪಲ್ ತನ್ನ ಐಫೋನ್ ಸಿಗ್ನಲ್ ಸುಮಾರು ಮೈನಸ್ 70 ಡಿಬಿಎಂಗೆ (ಇದು ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಇಳಿದಾಗ ಬೇರೆ ಬಾಗಿಲು ಹುಡುಕುತ್ತದೆ ಎಂದು ಪ್ರಕಟಿಸಿದೆ. ಎಲ್ಲ ಬ್ಯಾಂಡುಗಳಿಗೂ ಒಂದೇ ಹೆಸರು ಇಡಿ ಎಂದು ಶಿಫಾರಸು ಮಾಡಿರುವುದೂ ಅದೇ ಕಂಪನಿ. ಹೆಸರು ಬೇರೆಯಾದರೆ ಸಾಧನದ ಪಾಲಿಗೆ ಅವು ಪರಸ್ಪರ ಸಂಬಂಧವಿಲ್ಲದ ಎರಡು ನೆಟ್‌ವರ್ಕುಗಳು. 5ರ ಸಿಗ್ನಲ್ ಉಸಿರು ಬಿಡುವವರೆಗೂ ಅದನ್ನೇ ಹಿಡಿದು ಕುಳಿತಿದ್ದು, ಪೂರ್ತಿ ಕಡಿದುಹೋದ ಮೇಲೆ ಹೊಸದಾಗಿ ಸೇರಿಕೊಳ್ಳುತ್ತದೆ. ಫೋನ್ ಹಿಡಿದು ಮನೆಯೆಲ್ಲ ನಡೆದಾಡುವವರಿಗೆ ಇದು ಕಿರಿಕಿರಿ.

ಲ್ಯಾಪ್‌ಟಾಪ್ ಮೂಲೆಯ ಕೋಣೆಯಲ್ಲಿದ್ದಾಗ ಎರಡೂ ಬ್ಯಾಂಡಿನ ಸಿಗ್ನಲ್ ಎಷ್ಟು ಡಿಬಿಎಂ ಎಂದು ನೋಡಿ ಬರೆಯಿರಿ. ಚಾನೆಲ್ (ಬ್ಯಾಂಡಿನೊಳಗೆ ರೂಟರ್ ಬಳಸುವ ಓಣಿ) ಸಂಖ್ಯೆ ಮತ್ತು ಅದರ ಅಗಲವೂ ಬೇಕು. ಮ್ಯಾಕ್ ಆದರೆ ಆಪ್ಷನ್ ಕೀಲಿ ಒತ್ತಿ ಹಿಡಿದು ವೈಫೈ ಚಿಹ್ನೆಯ ಮೇಲೆ ಕ್ಲಿಕ್ ಮಾಡಿದರೆ ಎಲ್ಲವೂ ಕಾಣುತ್ತದೆ. ವಿಂಡೋಸ್‌ನಲ್ಲಿ ಆ ನೆಟ್‌ವರ್ಕಿನ ಪ್ರಾಪರ್ಟೀಸ್ ಪುಟದಲ್ಲಿ ಬ್ಯಾಂಡ್ ಮತ್ತು ಚಾನೆಲ್ ಇರುತ್ತವೆ, ಡಿಬಿಎಂಗೆ ಒಂದು ವೈಫೈ ಅನಲೈಸರ್ ಅಪ್ಲಿಕೇಷನ್ ಹಾಕಿಕೊಳ್ಳಿ.

ತಂತಿಪ್ರಿಯ:
ಪಾಠ ಚೆನ್ನಾಗಿದೆ. ಆದರೆ ಸಾಧನ ‘ಅಳೆದು ನೋಡುತ್ತದೆ’ ಎಂಬ ಮಾತನ್ನು ನಾನು ನಂಬುವುದಿಲ್ಲ. ರೂಟರಿನ ಪಕ್ಕದಲ್ಲೇ ಇಟ್ಟ ಟಿವಿ 2.4ಕ್ಕೆ ಅಂಟಿಕೊಂಡು, 4ಕೆ ಚಿತ್ರ ತಡವರಿಸುವುದನ್ನು ನೋಡಿದ್ದೇನೆ. ವಿದ್ಯುತ್ ಹೋಗಿ ಬಂದಾಗ ರೂಟರಿನ 2.4 ರೇಡಿಯೊ ಮೊದಲು ಎದ್ದಿತು, ಟಿವಿ ಅದಕ್ಕೆ ಸೇರಿತು. ಆಮೇಲೆ 5 ಎದ್ದರೂ ಅದು ತಿರುಗಿ ನೋಡಲಿಲ್ಲ. ಗೋಡೆಗೆ ನೇತುಹಾಕಿದ ಟಿವಿ ಎಲ್ಲಿಗೆ ನಡೆದಾಡುತ್ತದೆ? ಅದಕ್ಕೆ 5ರ ಹೆಸರನ್ನು ಮಾತ್ರ ಕೊಟ್ಟರೆ ಮುಗಿಯಿತು.

ಸಿಗ್ನಲ್‌ಶೋಧ:
ಟಿವಿಯ ವಿಷಯದಲ್ಲಿ ತಕರಾರಿಲ್ಲ. ಕದಲದ ಸಾಧನಕ್ಕೆ ಬ್ಯಾಂಡ್ ಕಟ್ಟಿಹಾಕುವುದು ನ್ಯಾಯವೇ. ಫೋನಿನ ಬಗ್ಗೆ ಇನ್ನೊಂದು ಮಾತು ಉಳಿದಿತ್ತು. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು (ಸಾಧನದ ಗುರುತಿನ ಸಂಖ್ಯೆ, ಮ್ಯಾಕ್ ಕಂಪ್ಯೂಟರಿಗೂ ಇದಕ್ಕೂ ನಂಟಿಲ್ಲ) ಹೇಳುವುದಿಲ್ಲ, ಪ್ರತಿ ವೈಫೈ ಹೆಸರಿಗೂ ಒಂದೊಂದು ಬೇರೆ ವಿಳಾಸ ಕಟ್ಟಿಕೊಳ್ಳುತ್ತವೆ. ಹಾಗಾಗಿ ಎರಡು ಹೆಸರು ಇಟ್ಟ ಮನೆಯಲ್ಲಿ ಒಂದೇ ಫೋನ್ ರೂಟರಿನ ಪಟ್ಟಿಯಲ್ಲಿ ಎರಡು ಸಾಧನವಾಗಿ ಕಾಣುತ್ತದೆ, ಎರಡು ಐಪಿ ವಿಳಾಸ ಪಡೆಯುತ್ತದೆ. ಮಕ್ಕಳ ಫೋನಿಗೆ ರಾತ್ರಿ ಇಂಟರ್ನೆಟ್ ನಿಲ್ಲಿಸುವ ನಿಯಮ ಹಾಕಿದ್ದೀರಿ ಎನ್ನಿ. ಒಂದು ಹೆಸರಿನಲ್ಲಿ ಆ ನಿಯಮ ಹಿಡಿಯುತ್ತದೆ, ಇನ್ನೊಂದರಲ್ಲಿ ಜಾರಿಹೋಗುತ್ತದೆ. ಮಕ್ಕಳಿಗೆ ಇದು ನಮಗಿಂತ ಮೊದಲೇ ತಿಳಿದುಬಿಡುತ್ತದೆ.

ರಾತ್ರಿಪಾಳಿ:
ಪ್ಲಗ್‌ನ ಬಗ್ಗೆ ಯಾರೂ ಹೇಳಲಿಲ್ಲ. ಅಗ್ಗದ ಪ್ಲಗ್, ಬಲ್ಬುಗಳ ಒಳಗೆ ಇರುವ ಚಿಪ್ ಹೆಚ್ಚಾಗಿ 2.4ನ್ನು ಮಾತ್ರ ಬಲ್ಲದ್ದು. ಇಎಸ್‌ಪಿ8266 ಅದರಲ್ಲಿ ಬಹಳ ಹೆಸರಾದದ್ದು. ಒಂದೇ ರೇಡಿಯೊ ಸಾಕು, ಚಿಪ್ ಅಗ್ಗ, ತರಂಗ ದೂರ ತಲುಪುತ್ತದೆ, ಕಳಿಸಬೇಕಾದ ಮಾಹಿತಿಯೋ ಚಿಟಿಕೆಯಷ್ಟು. ತಯಾರಕರು ಇನ್ನೊಂದು ಬ್ಯಾಂಡಿಗೆ ಏಕೆ ಖರ್ಚು ಮಾಡುತ್ತಾರೆ?

ಒಮ್ಮೆ ಸೇರಿದ ಮೇಲೆ ಇದರಿಂದ ತೊಂದರೆ ಇಲ್ಲ. ಹೆಸರು ಒಂದೇ ಇದ್ದರೂ ಪ್ಲಗ್‌ಗೆ 5 ಕಾಣುವುದೇ ಇಲ್ಲ, ಕಂಡ 2.4ಕ್ಕೆ ಸೇರುತ್ತದೆ. ತಕರಾರು ಬರುವುದು ಮೊದಲ ಬಾರಿ ಜೋಡಿಸುವಾಗ. ಆ ಪೆಟ್ಟಿಗೆಗೆ ಪರದೆಯಿಲ್ಲ, ಕೀಲಿಮಣೆಯಿಲ್ಲ, ಪಾಸ್‌ವರ್ಡ್ ಹೇಗೆ ತಿಳಿಯಬೇಕು? ಒಂದು ಜಾಣ ಉಪಾಯ ಮಾಡಿದ್ದಾರೆ. ಫೋನಿನ ಅಪ್ಲಿಕೇಷನ್ ವೈಫೈ ಮೇಲೆ ಮಾಹಿತಿಯ ಪೊಟ್ಟಣಗಳನ್ನು (ಪ್ಯಾಕೆಟ್) ಎಸೆಯುತ್ತದೆ. ಒಳಗಿನ ಮಾಹಿತಿ ಗೂಢಲಿಪಿಯಲ್ಲಿರುವುದರಿಂದ ಪ್ಲಗ್‌ಗೆ ಓದಲು ಬರುವುದಿಲ್ಲ, ಆದರೆ ಪ್ರತಿ ಪೊಟ್ಟಣದ ಉದ್ದ ಮಾತ್ರ ಹೊರಗಿನವರಿಗೂ ಕಾಣುತ್ತದೆ. ಪಾಸ್‌ವರ್ಡಿನ ಅಕ್ಷರಗಳನ್ನು ಆ ಉದ್ದಗಳಲ್ಲೇ ಹೆಣೆದು ಕಳಿಸುತ್ತಾರೆ. ಪ್ಲಗ್ ಗಾಳಿಗೆ ಕಿವಿಗೊಟ್ಟು ಕುಳಿತು ಉದ್ದಗಳಿಂದ ಅಕ್ಷರಗಳನ್ನು ಬಿಡಿಸಿಕೊಳ್ಳುತ್ತದೆ. ಫೋನ್ 5ರಲ್ಲಿದ್ದರೆ ಅದು ಎಸೆದದ್ದು 2.4ರಲ್ಲಿ ಕಿವಿಗೊಟ್ಟವರಿಗೆ ಕೇಳುವುದಿಲ್ಲ. ಜೋಡಿಸುವಾಗ ಫೋನೂ 2.4ರಲ್ಲಿರಲಿ ಎಂದು ಅಪ್ಲಿಕೇಷನ್ ಹಟ ಹಿಡಿಯುವುದು ಇದಕ್ಕೇ.

ಪರಿಹಾರಕ್ಕೆ ಹೆಸರು ಒಡೆಯುವ ಅಗತ್ಯವೇ ಇಲ್ಲ. ರೂಟರಿನಲ್ಲಿ 5 ಗಿಗಾಹರ್ಟ್ಸ್ ರೇಡಿಯೊವನ್ನು ಐದು ನಿಮಿಷ ಆಫ್ ಮಾಡಿ. ಫೋನ್ ತಾನಾಗಿ 2.4ಕ್ಕೆ ಇಳಿಯುತ್ತದೆ. ಪ್ಲಗ್ ಜೋಡಿಸಿ, 5ನ್ನು ಮತ್ತೆ ಆನ್ ಮಾಡಿ. ಪ್ಲಗ್ ನೆನಪಿಟ್ಟುಕೊಳ್ಳುವುದು ಹೆಸರು ಮತ್ತು ಪಾಸ್‌ವರ್ಡನ್ನು ಮಾತ್ರ. ಅಪ್ಲಿಕೇಷನ್‌ನಲ್ಲಿ ‘ಎಪಿ ಮೋಡ್’ ಎಂಬ ಆಯ್ಕೆ ಇದ್ದರೆ ಅದೂ ಬೇಡ. ಆಗ ಪ್ಲಗ್ ತಾನೇ ಒಂದು ಸಣ್ಣ ವೈಫೈ ಎಬ್ಬಿಸುತ್ತದೆ, ಫೋನ್ ಅಲ್ಲಿಗೆ ಹೋಗಿ ಗುಟ್ಟು ಹೇಳಿ ಬರುತ್ತದೆ.

ಅಷ್ಟಾದರೂ ಸೇರದಿದ್ದರೆ ಭದ್ರತೆಯ ಸೆಟ್ಟಿಂಗ್ ನೋಡಿ. ಹೊಸ ರೂಟರುಗಳಲ್ಲಿ ಡಬ್ಲ್ಯುಪಿಎ3 (ವೈಫೈ ಭದ್ರತೆಯ ಹೊಸ ವಿಧಾನ, ಇದರ ಹಿಂದಿನದು ಡಬ್ಲ್ಯುಪಿಎ2) ಮಾತ್ರ ಇಟ್ಟಿದ್ದರೆ ಹಳೆಯ ಚಿಪ್‌ಗಳು ಒಳಗೆ ಬರಲಾರವು.

ಮೂಲೆಕೋಣೆ:
ರಾತ್ರಿಪಾಳಿ ಅವರಿಗೆ ಧನ್ಯವಾದ. 5ನ್ನು ಆಫ್ ಮಾಡಿದ ಕೂಡಲೇ ಪ್ಲಗ್ ಸೇರಿತು, ಆನ್ ಮಾಡಿದ ಮೇಲೂ ಉಳಿದಿದೆ.

ಅಳತೆಗಳು: ಮೂಲೆಯ ಕೋಣೆಯಲ್ಲಿ 2.4ರ ಸಿಗ್ನಲ್ ಮೈನಸ್ 57, 5ರದು ಮೈನಸ್ 73. 2.4ರ ಚಾನೆಲ್ ‘ಆಟೊ’, ಈಗ 4ರಲ್ಲಿದೆ, ಅಗಲ 40 ಮೆಗಾಹರ್ಟ್ಸ್. 5ರದೂ ಆಟೊ, ಈಗ 100, ಅಗಲ 160. ಇಂಟರ್ನೆಟ್ ಸಂಪರ್ಕ ಸೆಕೆಂಡಿಗೆ 100 ಮೆಗಾಬಿಟ್‌ನದು.

ಹೊಸಬ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಈ 5 ಎಂದರೆ ಮೊಬೈಲಿನ 5ಜಿ ಅಲ್ಲವೇ? ನನ್ನ ಫೋನ್ 4ಜಿ. ಹಾಗಿದ್ದರೆ ಅದಕ್ಕೆ ಬರುವುದಿಲ್ಲವೇ?

ರಾತ್ರಿಪಾಳಿ:
ಎರಡಕ್ಕೂ ನಂಟಿಲ್ಲ. ಮೊಬೈಲಿನ 5ಜಿ ಎಂದರೆ ಐದನೆಯ ತಲೆಮಾರು. ಇಲ್ಲಿ 5 ಎಂದರೆ ತರಂಗದ ಆವರ್ತನ, ಸೆಕೆಂಡಿಗೆ 500 ಕೋಟಿ ಕಂಪನ. ರೂಟರ್ ಹೆಸರಿನ ಕೊನೆಗೆ ‘5ಜಿ’ ಎಂದು ಬರೆಯುವ ತಯಾರಕರೇ ಈ ಗೊಂದಲ ತಂದಿಟ್ಟವರು. 4ಜಿ ಫೋನುಗಳಲ್ಲೂ 5 ಗಿಗಾಹರ್ಟ್ಸ್ ವೈಫೈ ಇರುವುದು ಸಾಮಾನ್ಯ. ಪಟ್ಟಿಯಲ್ಲಿ ಆ ಹೆಸರು ಕಂಡರೆ ನಿಮ್ಮ ಫೋನಿಗೆ ಅದು ಬರುತ್ತದೆ ಎಂದೇ ಅರ್ಥ.

ಸಿಗ್ನಲ್‌ಶೋಧ:
ಮೂಲೆಕೋಣೆ ಅವರೇ, ನಿಮ್ಮ ಅಳತೆಗಳಲ್ಲಿ ಎಲ್ಲ ಉತ್ತರವೂ ಇದೆ. ಒಂದೊಂದಾಗಿ ಹೇಳುತ್ತೇನೆ.

57ಕ್ಕೂ 73ಕ್ಕೂ 16 ಡೆಸಿಬಲ್ ವ್ಯತ್ಯಾಸ. ಗೋಡೆಯೇ ಇಲ್ಲದ ಬಯಲಿನಲ್ಲೂ, ಒಂದೇ ಶಕ್ತಿಯಲ್ಲಿ ಕಳಿಸಿದರೂ, 5ರ ಸಿಗ್ನಲ್ 2.4ಕ್ಕಿಂತ ಸುಮಾರು 7 ಡೆಸಿಬಲ್ ಕಡಿಮೆ ಬರುತ್ತದೆ. ಮಿಕ್ಕದ್ದರಲ್ಲಿ ಹೆಚ್ಚಿನದನ್ನು ನಿಮ್ಮ ಗೋಡೆಗಳು ತಿಂದಿವೆ. ಇಟ್ಟಿಗೆ, ಕಾಂಕ್ರೀಟ್ ಎರಡೂ ಹೆಚ್ಚಿನ ಆವರ್ತನವನ್ನು ಹೆಚ್ಚು ನುಂಗುತ್ತವೆ. ಮೈನಸ್ 73 ಎಂದರೆ ಸಾಧನಗಳು ‘ಇಲ್ಲಿರಲೋ, ಹೋಗಲೋ’ ಎಂದು ಯೋಚಿಸುವ ಗಡಿ. ವಿಡಿಯೊ ಕರೆಗೆ ಮೈನಸ್ 67 ಅಥವಾ ಅದಕ್ಕಿಂತ ಬಲವಾದ ಸಿಗ್ನಲ್ ಇರಲಿ ಎಂಬುದು ನೆಟ್‌ವರ್ಕ್ ಕಟ್ಟುವವರು ಸಾಮಾನ್ಯವಾಗಿ ಹಿಡಿಯುವ ಅಳತೆ. ನಿಮ್ಮ ಲ್ಯಾಪ್‌ಟಾಪ್ ಹುಚ್ಚು ಹಿಡಿದು ಓಡಾಡುತ್ತಿಲ್ಲ, ಗಡಿಯ ಮೇಲೆ ಕುಳಿತಿದೆ ಅಷ್ಟೆ.

ಈಗ ಅಗಲ. ಇದೇ ಎಲ್ಲಕ್ಕಿಂತ ಮುಖ್ಯವಾದದ್ದು, ಮತ್ತು ಜನ ಮುಟ್ಟದೇ ಬಿಡುವುದೂ ಇದನ್ನೇ. ಚಾನೆಲ್ ಅಗಲವನ್ನು ಎರಡು ಪಟ್ಟು ಮಾಡಿದಾಗಲೆಲ್ಲ ರಿಸೀವರ್ 3 ಡೆಸಿಬಲ್ ಹೆಚ್ಚು ಗದ್ದಲವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. 160ರಿಂದ 40ಕ್ಕೆ ಇಳಿದರೆ 6 ಡೆಸಿಬಲ್ ಗದ್ದಲ ಕಡಿಮೆ. ನಿಮ್ಮ ಸಂಪರ್ಕವೇ 100 ಮೆಗಾಬಿಟ್, 160 ಮೆಗಾಹರ್ಟ್ಸ್ ಅಗಲ ಯಾರಿಗೆ ಬೇಕು? 80ಕ್ಕೆ ಇಳಿಸಿ. ಮೂಲೆಯ ಕೋಣೆ ಇನ್ನೂ ಒದ್ದಾಡಿದರೆ 40ಕ್ಕೆ ಇಳಿಸಿ. ಲೆಕ್ಕಕ್ಕೆ ಹೇಳುವುದಾದರೆ, ಎರಡು ಆಂಟೆನಾದ ವೈಫೈ 5 (ಇಲ್ಲಿ 5 ಎಂದರೆ ವೈಫೈಯ ತಲೆಮಾರು, ಗಿಗಾಹರ್ಟ್ಸ್ ಅಲ್ಲ) ಸಾಧನಕ್ಕೆ 80ರಲ್ಲಿ ಗರಿಷ್ಠ ಲಿಂಕ್ ವೇಗ 866 ಮೆಗಾಬಿಟ್. ವೈಫೈ 4ರ ಕಾಲದ ಎರಡು ಆಂಟೆನಾದ ಸಾಧನಕ್ಕೆ 2.4ರಲ್ಲಿ, 20 ಮೆಗಾಹರ್ಟ್ಸ್‌ನಲ್ಲಿ 144. ಕೈಗೆ ಸಿಗುವುದು ಸುಮಾರು ಅದರ ಅರ್ಧ.

2.4ರಲ್ಲಿ 40 ಮೆಗಾಹರ್ಟ್ಸ್ ಇಟ್ಟಿರುವುದನ್ನು ಇವತ್ತೇ 20ಕ್ಕೆ ಇಳಿಸಿ. ಆ ಬ್ಯಾಂಡ್ ಒಟ್ಟಾರೆ ಇರುವುದೇ 2400ರಿಂದ 2483.5 ಮೆಗಾಹರ್ಟ್ಸ್‌ವರೆಗೆ. ಚಾನೆಲ್ ಸಂಖ್ಯೆಗಳು 5 ಮೆಗಾಹರ್ಟ್ಸ್‌ಗೆ ಒಂದರಂತೆ ಇವೆ, ಪ್ರತಿ ಚಾನೆಲ್ ಹರಡಿಕೊಳ್ಳುವುದು 20ರಷ್ಟು. ಆದ್ದರಿಂದ ಒಂದರ ಮೇಲೊಂದು ಬೀಳದೆ ಕೂರುವುದು 1, 6, 11 ಮಾತ್ರ. ನಿಮ್ಮ ರೂಟರ್ ಆರಿಸಿಕೊಂಡ 4 ಅತ್ತ 1ರವರಿಗೂ ಇತ್ತ 6ರವರಿಗೂ ಅಡ್ಡ. ಒಂದೇ ಚಾನೆಲಿನಲ್ಲಿ ಇರುವ ರೂಟರುಗಳು ಪರಸ್ಪರ ಕೇಳಿಸಿಕೊಂಡು ಸರದಿಯಂತೆ ಮಾತಾಡುತ್ತವೆ. ಅರ್ಧ ಮೇಲೆ ಬಿದ್ದವುಗಳಿಗೆ ಇನ್ನೊಬ್ಬರ ಮಾತು ಬರಿಯ ಗದ್ದಲವಾಗಿ ಕೇಳುತ್ತದೆ. ಅನಲೈಸರಿನಲ್ಲಿ ನೋಡಿ, ಮೂರರಲ್ಲಿ ಅಕ್ಕಪಕ್ಕದವರು ಕಡಿಮೆ ಇರುವುದನ್ನು ಆರಿಸಿ ಅಲ್ಲೇ ನಿಲ್ಲಿಸಿ.

ಕೊನೆಯದು 100ನೆಯ ಚಾನೆಲ್. 5ರಲ್ಲಿ 52ರಿಂದ 64 ಮತ್ತು 100ರಿಂದ 144 ಚಾನೆಲುಗಳನ್ನು ರೇಡಾರುಗಳೂ ಬಳಸುತ್ತವೆ. ಅಲ್ಲಿ ಕೂರುವ ರೂಟರ್ ಡಿಎಫ್‌ಎಸ್ ನಿಯಮ ಪಾಲಿಸಬೇಕು: ಮೊದಲು ಕನಿಷ್ಠ 60 ಸೆಕೆಂಡ್ ಸುಮ್ಮನೆ ಕೇಳಿಸಿಕೊಳ್ಳಬೇಕು, ಆಮೇಲೆ ಯಾವಾಗ ರೇಡಾರಿನ ಮಿಡಿತ ಕೇಳಿದರೂ ಜಾಗ ಖಾಲಿ ಮಾಡಬೇಕು, 30 ನಿಮಿಷ ಆ ಕಡೆ ತಲೆ ಹಾಕಬಾರದು. ರೇಡಾರೇ ಇಲ್ಲದಿದ್ದರೂ ಏನನ್ನೋ ರೇಡಾರ್ ಎಂದು ಭ್ರಮಿಸಿ ಎದ್ದು ಓಡುವ ರೂಟರುಗಳೂ ಇವೆ. ಆಗ 5ರಲ್ಲಿದ್ದವರೆಲ್ಲ ಒಮ್ಮೆಲೇ ಬೀದಿಗೆ ಬೀಳುತ್ತಾರೆ, ಕಂಡ 2.4ಕ್ಕೆ ಓಡುತ್ತಾರೆ. ನಿಮ್ಮ ಕರೆ ನಿಲ್ಲುವುದಕ್ಕೆ ಇದೂ ಕಾರಣವಿರಬಹುದು, ರೂಟರಿನ ಲಾಗ್‌ನಲ್ಲಿ ರೇಡಾರ್ ಎಂಬ ಮಾತಿದೆಯೇ ನೋಡಿ. ತಾಪತ್ರಯವೇ ಬೇಡವೆಂದರೆ 36ರಿಂದ 48ರ ಒಳಗೆ ನಿಲ್ಲಿಸಿ. 80ರ ಅಗಲಕ್ಕೆ ಆ ನಾಲ್ಕು ಚಾನೆಲ್ ಸರಿಯಾಗಿ ಸಾಕು. 160 ಬೇಕೆಂದರೆ 36ರಿಂದ 64ರವರೆಗೂ ಬೇಕು, ಮತ್ತೆ ರೇಡಾರಿನ ಜಾಗಕ್ಕೆ ಕಾಲಿಟ್ಟಂತೆ.

ಇಷ್ಟು ಮಾಡಿದ ಮೇಲೆ ಹೆಸರಿನ ಮಾತು. ಈಗ ಬೇಡ.

ತಂತಿಪ್ರಿಯ:
ಚಾನೆಲ್, ಅಗಲದ ಬಗ್ಗೆ ಒಂದಕ್ಷರವೂ ತಕರಾರಿಲ್ಲ. ಆದರೆ ಸಿಗ್ನಲ್‌ಶೋಧ ಅವರು ಹೇಳಿದ್ದನ್ನೆಲ್ಲ ಮಾಡಿದ ಮೇಲೂ ಲ್ಯಾಪ್‌ಟಾಪ್ ಎಲ್ಲಿದೆ ಎಂಬುದನ್ನು ಲ್ಯಾಪ್‌ಟಾಪೇ ತೀರ್ಮಾನಿಸುತ್ತದೆ, ಮೂಲೆಕೋಣೆ ಅವರಲ್ಲ. ನನ್ನ ಆಕ್ಷೇಪ ಉಳಿದಿರುವುದು ಅಲ್ಲಿ.

ಸಿಗ್ನಲ್‌ಶೋಧ:
ಅದಕ್ಕೂ ಹೆಸರು ಒಡೆಯಬೇಕಿಲ್ಲ. ವಿಂಡೋಸ್ ಆದರೆ ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರಿನ ಅಡ್ವಾನ್ಸ್‌ಡ್ ಪುಟ ತೆರೆಯಿರಿ. ಹೆಚ್ಚಿನ ಅಡಾಪ್ಟರುಗಳಲ್ಲಿ ‘ಪ್ರಿಫರ್ಡ್ ಬ್ಯಾಂಡ್’ ಎಂಬ ಸಾಲು ಇರುತ್ತದೆ, ಅಲ್ಲಿ 5 ಆರಿಸಬಹುದು. ಪಕ್ಕದಲ್ಲೇ ‘ರೋಮಿಂಗ್ ಅಗ್ರೆಸಿವ್‌ನೆಸ್’ ಇದೆ. ಅದನ್ನು ತಗ್ಗಿಸಿದರೆ ಸಾಧನ ಸಣ್ಣಪುಟ್ಟ ಏರಿಳಿತಕ್ಕೆ ಬೆದರಿ ಓಡುವುದಿಲ್ಲ. ಫೋನುಗಳಲ್ಲಿ ಇಂಥ ಸೌಲಭ್ಯ ಸಾಮಾನ್ಯವಾಗಿ ಇಲ್ಲ ಎಂಬುದನ್ನು ಒಪ್ಪುತ್ತೇನೆ.

ರೂಟರಿನ ಕಡೆಯಿಂದ ಮಾಡಬಹುದಾದದ್ದೂ ಒಂದಿದೆ, ಯಾರೂ ಅದನ್ನು ಇಷ್ಟಪಡುವುದಿಲ್ಲ: 2.4ರ ಪ್ರಸಾರ ಶಕ್ತಿಯನ್ನು ಇಳಿಸುವುದು. 2.4 ಸದಾ ಬಲವಾಗಿ ಕಾಣುವುದರಿಂದಲೇ ಸಾಧನಗಳು ಅತ್ತ ವಾಲುತ್ತವೆ. ಎರಡೂ ಹತ್ತಿರಹತ್ತಿರ ಸಮವಾಗಿ ಕಂಡರೆ ಹೊಸ ಸಾಧನಗಳು ತಾವಾಗಿ 5ನ್ನು ಹಿಡಿಯುತ್ತವೆ. ಸಿಗ್ನಲ್ ಇಳಿಸಿ ವೈಫೈ ಸುಧಾರಿಸಿ ಎಂದರೆ ಮನೆಯವರು ನಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಅಟ್ಟದವರು:
ಪ್ರಿಂಟರ್ ಪ್ರಶ್ನೆ ಹಾಗೇ ಉಳಿದುಹೋಗಿದೆ. 2.4 ಮತ್ತು 5 ಎರಡೂ ರೂಟರಿನ ಒಳಗೆ ಒಂದೇ ಸ್ಥಳೀಯ ನೆಟ್‌ವರ್ಕಿಗೆ ಸೇರಿಕೊಳ್ಳುತ್ತವೆ, ತಂತಿಯ ಪೋರ್ಟುಗಳೂ ಅಲ್ಲಿಗೇ. ಹೆಸರು ಒಂದಿರಲಿ, ಎರಡಿರಲಿ, 5ರಲ್ಲಿರುವ ಫೋನಿಗೆ 2.4ರ ಪ್ರಿಂಟರ್ ಕಾಣಬೇಕು. ಕಾಣದಿದ್ದರೆ ಎರಡು ಕಡೆ ನೋಡಿ. ಪ್ರಿಂಟರನ್ನು ಗೆಸ್ಟ್ ನೆಟ್‌ವರ್ಕಿಗೆ ಸೇರಿಸಿದ್ದರೆ ಅದು ಮನೆಯ ಉಳಿದ ಸಾಧನಗಳಿಂದ ದೂರ ಇರುತ್ತದೆ, ಗೆಸ್ಟ್ ಇರುವುದೇ ಅದಕ್ಕೆ. ಇನ್ನೊಂದು ‘ಎಪಿ ಐಸೊಲೇಷನ್’ ಅಥವಾ ‘ಕ್ಲೈಂಟ್ ಐಸೊಲೇಷನ್’ ಎಂಬ ಗುಂಡಿ, ಸಾಧನಗಳು ಒಂದನ್ನೊಂದು ಕಾಣದಂತೆ ತಡೆಯುವುದು, ಅದು ಆಫ್ ಇರಲಿ. ಇವೆರಡೂ ಸರಿಯಿದ್ದೂ ಕಾಣದಿದ್ದರೆ, ಪ್ರಿಂಟರ್ ಹುಡುಕಲು ಬಳಸುವ ಮಲ್ಟಿಕಾಸ್ಟ್ (ಹಲವು ಸಾಧನಗಳಿಗೆ ಒಮ್ಮೆಗೇ ಕೂಗುವ) ಸಂದೇಶಗಳನ್ನು ರೂಟರ್ ಒಂದು ಬ್ಯಾಂಡಿನಿಂದ ಇನ್ನೊಂದಕ್ಕೆ ಸರಿಯಾಗಿ ದಾಟಿಸುತ್ತಿಲ್ಲ ಎಂದರ್ಥ. ಆಗ ಪ್ರಿಂಟರಿಗೆ ಸ್ಥಿರ ಐಪಿ ಕೊಟ್ಟು ಅದರ ಮೂಲಕ ಸೇರಿಸಿದರೆ ಹುಡುಕಾಟವೇ ಬೇಡ.

ಹೊಸಬ:
ಇನ್ನೊಂದು ಸಣ್ಣ ಸಂಶಯ. ವೈಫೈ ಹೆಸರನ್ನು ಕನ್ನಡದಲ್ಲಿ ಇಡಬಹುದೇ? ‘ನಮ್ಮ ಮನೆ ವೈಫೈ’ ಎಂದು ಬರೆದರೆ ರೂಟರ್ ತೆಗೆದುಕೊಳ್ಳುತ್ತಿಲ್ಲ.

ಅಟ್ಟದವರು:
ಇಡಬಹುದು, ಆದರೆ ನಿಮ್ಮ ಹೆಸರು ಉದ್ದವಾಯಿತು. ವೈಫೈ ಹೆಸರಿಗೆ 32 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಆದರೆ ಯುಟಿಎಫ್-8 ಎಂಬ ಅಕ್ಷರಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ, ಒತ್ತಕ್ಷರ ಕಟ್ಟುವ ವಿರಾಮಕ್ಕೂ ಮೂರು ಮೂರು ಬೈಟ್. ‘ನಮ್ಮ ಮನೆ ವೈಫೈ’ ಖಾಲಿ ಜಾಗಗಳೂ ಸೇರಿ 35 ಬೈಟ್ ಆಗುತ್ತದೆ. ‘ನಮ್ಮನೆ ವೈಫೈ’ ಎಂದರೆ 31, ಹಿಡಿಯುತ್ತದೆ. ತಂತಿಪ್ರಿಯ ಅವರ ಪಂಥಕ್ಕೆ ಸೇರಿ ಬ್ಯಾಂಡ್ ಬೇರೆ ಮಾಡಿದರೆ ಕೊನೆಗೆ 5 ಎಂಬ ಒಂದೇ ಅಂಕಿ ಸೇರಿಸಲು ಜಾಗವಿದೆ, ನಡುವೆ ಗೆರೆ ಎಳೆಯಲು ಇಲ್ಲ. ಒಂದು ಎಚ್ಚರಿಕೆ: ಕೆಲವು ಹಳೆಯ ಪ್ರಿಂಟರ್, ಅಗ್ಗದ ಪ್ಲಗ್‌ಗಳ ಅಪ್ಲಿಕೇಷನ್‌ಗಳು ಕನ್ನಡದ ಹೆಸರು ಕಂಡರೆ ತಬ್ಬಿಬ್ಬಾಗುತ್ತವೆ.

ತಂತಿಪ್ರಿಯ:
ನನ್ನ ಪಂಥ! ಇರಲಿ. ನಾನು ನಿಜವಾಗಿ ಮಾಡಿಕೊಂಡಿರುವುದನ್ನು ಹೇಳಿಬಿಡುತ್ತೇನೆ, ಇಬ್ಬರಿಗೂ ಒಪ್ಪಿಗೆಯಾಗಬಹುದು. ಓಡಾಡುವ ಸಾಧನಗಳಿಗೆ ಎರಡೂ ಬ್ಯಾಂಡಿನಲ್ಲಿ ಇರುವ ಒಂದು ಹೆಸರು. ಪ್ಲಗ್, ಬಲ್ಬ್, ಪ್ರಿಂಟರಿಗೆ 2.4ರಲ್ಲಿ ಮಾತ್ರ ಇರುವ ಇನ್ನೊಂದು ಹೆಸರು. ಟಿವಿಗೆ 5ರಲ್ಲಿ ಮಾತ್ರ ಇರುವ ಮೂರನೆಯದು. ಯಾರ ಗೊಡವೆಯೂ ಇನ್ನೊಬ್ಬರಿಗಿಲ್ಲ. ಮುಂದೆ ರೂಟರ್ ಬದಲಾಯಿಸಿದಾಗ ಅವೇ ಹೆಸರು, ಅವೇ ಪಾಸ್‌ವರ್ಡ್ ಹಾಕಿದರೆ ಒಂದೊಂದು ಬಲ್ಬನ್ನೂ ಹೊಸದಾಗಿ ಜೋಡಿಸುತ್ತ ಏಣಿ ಹತ್ತಬೇಕಿಲ್ಲ.

ಸಿಗ್ನಲ್‌ಶೋಧ:
ಸರಿಯಾದ ದಾರಿ, ಹೆಸರುಗಳನ್ನು ಅಲ್ಲಿಗೇ ನಿಲ್ಲಿಸುವುದಾದರೆ. ಪ್ರತಿ ಹೆಸರಿಗೂ ರೂಟರ್ ಸುಮಾರು 102 ಮಿಲಿಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಸಾರುವ ಬೀಕನ್ ಕಳಿಸಬೇಕು. 2.4ರಲ್ಲಿ ಹಳೆಯ ಸಾಧನಗಳಿಗೂ ಕೇಳಲೆಂದು ಅದನ್ನು ಸೆಕೆಂಡಿಗೆ 1 ಮೆಗಾಬಿಟ್‌ನ ಆಮೆ ವೇಗದಲ್ಲಿ ಕಳಿಸುವ ರೂಟರುಗಳೇ ಹೆಚ್ಚು. ಬೀಕನ್ 300 ಬೈಟ್ ಎಂದಿಟ್ಟುಕೊಂಡರೆ 2.4 ಮಿಲಿಸೆಕೆಂಡ್, ಅಂದರೆ ಒಂದು ಹೆಸರಿಗೇ ಚಾನೆಲಿನ ಸಮಯದಲ್ಲಿ ಶೇ 2ಕ್ಕಿಂತ ಹೆಚ್ಚು ಹೋಯಿತು. ಅದೇ ಚಾನೆಲಿನಲ್ಲಿ ಅಕ್ಕಪಕ್ಕದ ಹತ್ತು ಹೆಸರುಗಳಿದ್ದರೆ ಯಾರೂ ಒಂದು ಅಕ್ಷರ ಕಳಿಸುವ ಮೊದಲೇ ಗಾಳಿಯ ಐದನೆಯ ಒಂದು ಪಾಲು ಖರ್ಚಾಗಿರುತ್ತದೆ. ಗೆಸ್ಟ್ ಬಳಸದಿದ್ದರೆ ಆಫ್ ಮಾಡಿ. ಹೆಸರನ್ನು ಬಚ್ಚಿಟ್ಟರೆ ಉಳಿತಾಯವಾಗುತ್ತದೆ ಎಂದುಕೊಳ್ಳಬೇಡಿ. ಬೀಕನ್ ಹೋಗುತ್ತಲೇ ಇರುತ್ತದೆ, ಅದರಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆ ಅಷ್ಟೆ.

ಮೂಲೆಕೋಣೆ:
ಮಾಡಿದ್ದು ಇಷ್ಟು: 2.4 ಚಾನೆಲ್ 11, ಅಗಲ 20. 5 ಚಾನೆಲ್ 36, ಅಗಲ 80. ಸ್ಮಾರ್ಟ್ ಕನೆಕ್ಟ್ ಆಫ್, ಆದರೆ ಎರಡು ಬ್ಯಾಂಡಿಗೂ ಅದೇ ಹೆಸರು, ಅದೇ ಪಾಸ್‌ವರ್ಡ್. ಹೀಗೆ ಇಡಲು ಸಾಧ್ಯ ಎಂದು ನನಗೆ ಹೊಳೆದಿರಲಿಲ್ಲ. ಸ್ಮಾರ್ಟ್ ಕನೆಕ್ಟ್ ತೆಗೆದರೆ ಹೆಸರು ಎರಡಾಗಲೇಬೇಕು ಎಂದುಕೊಂಡಿದ್ದೆ. ಪ್ಲಗ್‌ಗೆ, ಪ್ರಿಂಟರಿಗೆ 2.4ರ ಇನ್ನೊಂದು ಹೆಸರು. ಲಾಗ್‌ನಲ್ಲಿ ರೇಡಾರ್ ಎಂಬ ಸಾಲುಗಳೂ ಇದ್ದವು. ಕರೆಗಳು ಈಗ ನಿಲ್ಲುತ್ತಿಲ್ಲ.

ಆದರೆ 2.4ರಲ್ಲಿ ಇನ್ನೂ ಒಂದು ವಿಚಿತ್ರ. ರೂಟರಿನ ಯುಎಸ್‌ಬಿಗೆ ಹಾರ್ಡ್ ಡಿಸ್ಕ್ ಚುಚ್ಚಿ ಬ್ಯಾಕಪ್ ನಡೆಯುವಾಗ ಪ್ಲಗ್ ‘ಆಫ್‌ಲೈನ್’ ಎನ್ನುತ್ತದೆ.

ರಾತ್ರಿಪಾಳಿ:
ಅದು ವಿಚಿತ್ರವಲ್ಲ, ಗೊತ್ತಿರುವ ಕಾಯಿಲೆ. ಯುಎಸ್‌ಬಿ 3ರ ಸಂಕೇತಗಳು 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಚೆಲ್ಲುತ್ತವೆ ಎಂದು ಇಂಟೆಲ್ 2012ರಲ್ಲೇ ಬರೆದು ಪ್ರಕಟಿಸಿತ್ತು. ಡಿಸ್ಕನ್ನು ಚೆನ್ನಾಗಿ ಕವಚ ಹೊದಿಸಿದ ಉದ್ದದ ಕೇಬಲಿನಲ್ಲಿ ರೂಟರಿನಿಂದ ದೂರ ಇಡಿ. ಕೆಲವು ರೂಟರುಗಳಲ್ಲಿ ಆ ಪೋರ್ಟನ್ನು ಯುಎಸ್‌ಬಿ 2ಕ್ಕೆ ಇಳಿಸುವ ಗುಂಡಿಯೂ ಇರುತ್ತದೆ. ಮೈಕ್ರೊವೇವ್ ಒಲೆ, ಬ್ಲೂಟೂತ್, ಜಿಗ್‌ಬೀ (ಸ್ಮಾರ್ಟ್ ಬಲ್ಬ್‌ನಂಥವು ಬಳಸುವ ಇನ್ನೊಂದು ನಿಸ್ತಂತು ವ್ಯವಸ್ಥೆ) ಎಲ್ಲವೂ ಇದೇ ಓಣಿಯಲ್ಲಿ ಇರುವಂಥವು. 5ಕ್ಕೆ ಇವುಗಳ ಕಾಟವಿಲ್ಲ.

ಹೊಸಬ:
ನಾನು ಹೊಸ ರೂಟರ್ ಕೊಳ್ಳುವವನಿದ್ದೇನೆ. 6 ಗಿಗಾಹರ್ಟ್ಸ್, ವೈಫೈ 7 ಎಂದೆಲ್ಲ ಬರೆದಿದ್ದಾರೆ. ಅದರಲ್ಲಿ ಮೂರು ಬ್ಯಾಂಡ್ ಇದ್ದರೆ ಮೂರು ಹೆಸರು ಇಡಬೇಕೇ?

ಸಿಗ್ನಲ್‌ಶೋಧ:
6 ಗಿಗಾಹರ್ಟ್ಸ್‌ನಲ್ಲಿ ವೈಫೈಗೆ ಎಷ್ಟು ಜಾಗ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕ 2020ರಲ್ಲಿ 5925ರಿಂದ 7125 ಮೆಗಾಹರ್ಟ್ಸ್‌ವರೆಗೆ ಪೂರ್ತಿ 1200 ಬಿಟ್ಟುಕೊಟ್ಟಿತು, ಯುರೋಪ್ ಒಕ್ಕೂಟ 2021ರಲ್ಲಿ 480 ಕೊಟ್ಟಿತು. ಕೊಳ್ಳುವ ಮೊದಲು ನಿಮ್ಮ ದೇಶದ ನಿಯಮ ನೋಡಿ, ನಿಮ್ಮ ಫೋನ್, ಲ್ಯಾಪ್‌ಟಾಪಿನಲ್ಲಿ ಆ ರೇಡಿಯೊ ಇದೆಯೇ ಎಂದೂ ನೋಡಿ. ಗೋಡೆ ದಾಟುವ ವಿಷಯದಲ್ಲಿ ಅದು 5ಕ್ಕಿಂತ ಒಂದು ಕೈ ಕಡಿಮೆಯೇ.

ಹೆಸರಿನ ಬಗ್ಗೆ: ವೈಫೈ 7ರಲ್ಲಿ ಎಂಎಲ್‌ಒ ಎಂಬುದೊಂದು ಬಂದಿದೆ. ಒಂದು ಸಾಧನ ಒಂದಕ್ಕಿಂತ ಹೆಚ್ಚು ಬ್ಯಾಂಡುಗಳನ್ನು ಒಂದೇ ಸಂಪರ್ಕದಂತೆ ಬಳಸುತ್ತದೆ. ಯಾವ ಬ್ಯಾಂಡಿಗೆ ಹೋಗಲಿ ಎಂಬ ಪ್ರಶ್ನೆಯೇ ಅಲ್ಲಿ ಬಹುಮಟ್ಟಿಗೆ ಇಲ್ಲ. ಅದು ನಡೆಯಬೇಕಾದರೆ ಆ ಬ್ಯಾಂಡುಗಳಿಗೆ ಒಂದೇ ಹೆಸರು ಇರಲೇಬೇಕು. 6 ಗಿಗಾಹರ್ಟ್ಸ್‌ನಲ್ಲಿ ಡಬ್ಲ್ಯುಪಿಎ2 ನಡೆಯುವುದಿಲ್ಲ, ಪಾಸ್‌ವರ್ಡ್ ಇಡುವುದಾದರೆ ಡಬ್ಲ್ಯುಪಿಎ3 ಕಡ್ಡಾಯ. ಹಳೆಯ ಪ್ಲಗ್, ಪ್ರಿಂಟರ್ ಇದ್ದರೆ ಅವುಗಳಿಗೆ 2.4ರಲ್ಲಿ ಡಬ್ಲ್ಯುಪಿಎ2 ಇರುವ ಬೇರೆ ಹೆಸರು ಕೊಡಿ, ಮುಖ್ಯ ಹೆಸರನ್ನು ಡಬ್ಲ್ಯುಪಿಎ3ಕ್ಕೆ ಬಿಡಿ.

ತಂತಿಪ್ರಿಯ:
ಮತ್ತು ಕೊಳ್ಳುವಾಗ ರೂಟರಿನ ಹಿಂಭಾಗದಲ್ಲಿ ಈಥರ್ನೆಟ್ ಪೋರ್ಟ್ ಎಷ್ಟಿವೆ ಎಂದು ಎಣಿಸಿ. ಟಿವಿಗೆ ಒಂದು ಬೇಕಾಗುತ್ತದೆ.